ಮೂರು ದಿನದ ಮಟ್ಟಿಗೆ

ಹೂಗ್ಯಂ ಎಂಬ ಊರಿನ ಹೆಸರು ಓದುಗರಲ್ಲಿ ಅನೇಕರ ಕಿವಿಗೆ ಮೊದಲ ಬಾರಿಗೆ ಬಿದ್ದುದು 2025ರ ಜೂನ್ ತಿಂಗಳ ಕಡೆಯ ವಾರದಲ್ಲಿ ಇರಬೇಕು. ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯಕ್ಕೆ ಸೇರಿದ ಮೀಣ್ಯದ ಕಾಡಿನಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷದಿಂದ ಸತ್ತು ಬಿದ್ದಿದ್ದ ಸುದ್ದಿಯನ್ನು ಆಗ ಎಲ್ಲ ಪತ್ರಿಕೆಗಳೂ ಪ್ರಕಟಿಸಿದುವು. ಹುಲಿಯನ್ನು ಕಳೆದುಕೊಂಡದ್ದು ದೊಡ್ಡ ನಷ್ಟವೇ ಸರಿ. ಆ ಬಗ್ಗೆ ಎರಡು ಮಾತಿಲ್ಲ. ಆದರೆ ಆ ವಾರವೆಲ್ಲ ಪತ್ರಿಕೆಯನ್ನು ಮಡಿಸಿಡುವಾಗ ನನ್ನ ಮನಸ್ಸಿಗೆ ಬರುತ್ತಿದ್ದುದು ಬೇರೊಂದು ಸಂಗತಿ. ಕಾಡಂಚಿನ ಆ ಊರುಗಳ ಮನೆಗಳಲ್ಲಿ ಹಗಲಿನ ಹೊತ್ತು ಯಾರಿರುತ್ತಾರೆ, ಅವರ ದಿನ ಹೇಗೆ ಕಳೆಯುತ್ತದೆ ಎಂಬುದು ಎಂದೂ ಸುದ್ದಿಯಾಗುವುದಿಲ್ಲ. ಸುದ್ದಿಯಾಗತಕ್ಕ ಘಟನೆ ಅದರಲ್ಲಿ ಏನೂ ಇಲ್ಲದಿರುವುದೇ ಅದಕ್ಕೆ ಕಾರಣ.

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ ಈಗ ಇರುವ ಈ ಊರು ಹಿಂದೆ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಕೊಳ್ಳೇಗಾಲವಾದರೋ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವವರೆಗೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯ ಒಂದು ಭಾಗ. ಆದುದರಿಂದ ಅಲ್ಲಿಯ ಅನೇಕ ಮನೆಗಳಲ್ಲಿ ಅಜ್ಜಿ ಒಂದು ಮಾತನ್ನು ಕನ್ನಡದಲ್ಲಿ ಆರಂಭಿಸಿ ತಮಿಳಿನಲ್ಲಿ ಮುಗಿಸುತ್ತಾಳೆ. ಮಳೆಯನ್ನೇ ನಂಬಿದ ನೆಲ. ರಾಗಿ, ಹುರುಳಿ, ಮುಸುಕಿನ ಜೋಳ. ಬೆಳೆದುದರಲ್ಲಿ ಕಾಡುಹಂದಿಗೂ ಆನೆಗೂ ಒಂದು ಪಾಲು ಹೋದ ಮೇಲೆ ಉಳಿದದ್ದು ಮನೆಗೆ. ಅದು ವರ್ಷಕ್ಕೆ ಸಾಲದು. ಆದುದರಿಂದ ಗಟ್ಟಿಯಾದ ಮೈಯುಳ್ಳವರು ಊರು ಬಿಡುತ್ತಾರೆ: ಕೊಡಗಿನ ಕಾಫಿ ತೋಟಗಳಿಗೆ, ತಮಿಳುನಾಡಿನ ಕಲ್ಲುಕ್ವಾರಿಗಳಿಗೆ, ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ. ಗಂಡನೊಡನೆ ಹೆಂಡತಿಯೂ ಹೋಗುತ್ತಾಳೆ. ಮಕ್ಕಳು ಶಾಲೆಗೆ ಸೇರಿದ್ದರೆ ಅವರನ್ನು ಬಿಟ್ಟು ಹೋಗುತ್ತಾರೆ. ಯಾರ ಬಳಿ ಬಿಟ್ಟು ಹೋಗುತ್ತಾರೆ ಎಂಬುದೇ ಈ ಲೇಖನದ ವಿಷಯ.

ನಾನು ಬಹಳ ವರ್ಷ ಮೈಸೂರಿನಲ್ಲಿ ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಪಾಠ ಹೇಳಿ, ಅವರ ಕ್ಷೇತ್ರಕಾರ್ಯವನ್ನು ನೋಡಿಕೊಳ್ಳುತ್ತಿದ್ದವಳು. ವರ್ಷಕ್ಕೊಮ್ಮೆ ಹತ್ತು ದಿನ ಅವರನ್ನು ಗ್ರಾಮಶಿಬಿರಕ್ಕೆ ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಹೂಗ್ಯಂ ಸುತ್ತಿನ ಹಳ್ಳಿಗಳ ಪರಿಚಯವಾದುದು ಹೀಗೆ.

"ಸಮಾಜಸೇವೆ ಮಾಡುವುದಕ್ಕೂ ಒಂದು ಪದವಿ ಬೇಕೇನಮ್ಮ?" ಎಂದು ಬಂಧುಗಳು ನನ್ನನ್ನು ಕೇಳದ ಮದುವೆಮನೆಯೇ ಇಲ್ಲ. ಪ್ರಶ್ನೆ ಸಹಜವಾದುದೇ. ನಮ್ಮಲ್ಲಿ ಸೇವೆ ಮಾಡಿದ ಮಹನೀಯರು ಯಾವ ಕಾಲೇಜಿಗೂ ಹೋಗಿ ಅದನ್ನು ಕಲಿತವರಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಏಳಿಗೆಗಾಗಿ ಸಂಸ್ಥೆ ಕಟ್ಟಿದಾಗ ಈ ದೇಶದಲ್ಲಿ ಇಂಥ ಶಿಕ್ಷಣವೇ ಇರಲಿಲ್ಲ. ಅದು ಬಂದುದು 1936ರಲ್ಲಿ, ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಶಾಲೆ ತೆರೆದಾಗ. ಅದರ ಮೊದಲ ನಿರ್ದೇಶಕರಾದ ಕ್ಲಿಫರ್ಡ್ ಮ್ಯಾನ್‌ಷಾರ್ಟ್ ಅವರು ಅದಕ್ಕೂ ಮೊದಲು ನಾಗಪಾಡಾ ಎಂಬ ಬಡವರ ಕೇರಿಯಲ್ಲಿ ನೆರೆಹೊರೆಯವರಿಗಾಗಿ ಒಂದು ಮನೆ ತೆರೆದು ಅಲ್ಲಿಯ ಜನರ ನಡುವೆ ಕೆಲಸಮಾಡಿದವರು. ಕೇರಿ ಮೊದಲು, ಶಾಲೆ ಆಮೇಲೆ. ಈ ಅನುಕ್ರಮವನ್ನು ನಾನು ಪ್ರತಿವರ್ಷ ಹೊಸ ತರಗತಿಗೆ ಮೊದಲ ದಿನವೇ ಹೇಳುತ್ತಿದ್ದೆ. ನಮ್ಮ ನಾಡಿನಲ್ಲಿ 1960ರಲ್ಲಿ ಮಂಗಳೂರಿನ ರೋಶನಿ ನಿಲಯ ಆರಂಭವಾಯಿತು; ಮುಂದೆ ವಿಶ್ವವಿದ್ಯಾನಿಲಯಗಳಲ್ಲಿಯೂ ಅನೇಕ ಕಾಲೇಜುಗಳಲ್ಲಿಯೂ ಈ ವಿಷಯ ಬೇರೂರಿತು.

ಸೇವೆಯ ಮನಸ್ಸನ್ನು ಕಲಿಸುವುದು ಯಾರಿಂದಲೂ ಸಾಧ್ಯವಿಲ್ಲ. ಕಲಿಸಬಹುದಾದುದು ಕೇಳುವ ಬಗೆಯನ್ನು. ಒಬ್ಬ ಮುದುಕಿಯ ಮನೆಗೆ ಹೋಗಿ ಕುಳಿತಾಗ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು, ಯಾವುದನ್ನು ಕೇಳಲೇಬಾರದು. ಅವಳು ಹೇಳಿದ್ದರಲ್ಲಿ ಯಾವುದು ನಾಲ್ಕು ಜನರ ಮುಂದೆ ಆಡಬಾರದ ಮಾತು. ಅವಳ ಬಾಳಿನ ತೀರ್ಮಾನವನ್ನು ಅವಳೇ ಮಾಡತಕ್ಕದ್ದೇ ಹೊರತು ಹತ್ತು ದಿನಕ್ಕೆ ಬಂದ ನಾವಲ್ಲ ಎಂಬ ಎಚ್ಚರವನ್ನು ಹೇಗೆ ಉಳಿಸಿಕೊಳ್ಳಬೇಕು. ಇವೆಲ್ಲ ಅಭ್ಯಾಸದಿಂದ ಬರತಕ್ಕವು. ಅದಕ್ಕಾಗಿಯೇ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ, ಅದಕ್ಕಾಗಿಯೇ ಶಿಬಿರ. ವಿದ್ಯಾರ್ಥಿಯು ಆ ದಿನ ತಾನು ಕೇಳಿದ್ದು, ನೋಡಿದ್ದು, ತಾನು ಆಡಿದ ಮಾತು ಎಲ್ಲವನ್ನೂ ರಾತ್ರಿ ಬರೆದು ಗುರುಗಳಿಗೆ ತೋರಿಸಬೇಕು. ಅನೇಕರು ಇದನ್ನು ಶಿಕ್ಷೆ ಎಂದೇ ಎಣಿಸುತ್ತಾರೆ. ಕೆಲವರಿಗೆ ಮಾತ್ರ, ತಾವು ಕೇಳಿದೆವೆಂದುಕೊಂಡದ್ದಕ್ಕೂ ಅವಳು ಹೇಳಿದ್ದಕ್ಕೂ ಎಷ್ಟು ಅಂತರವೆಂಬುದು ಆ ಬರವಣಿಗೆಯಿಂದಲೇ ತಿಳಿಯುತ್ತದೆ.

ಮೊದಲ ಶಿಬಿರದ ಮೂರನೆಯ ದಿನ ಇಬ್ಬರು ಹುಡುಗಿಯರೊಡನೆ ನಾನೂ ಒಂದು ಮನೆಗೆ ಹೋಗಿದ್ದೆ. ಹೆಂಚಿನ ಮನೆ, ಮುಂದೆ ಸಣ್ಣ ಜಗಲಿ. ಅಜ್ಜಿಯು ಮೊರದಲ್ಲಿ ಹುರುಳಿಯನ್ನು ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಕಣ್ಣಿನಿಂದಲ್ಲ, ಬೆರಳಿನಿಂದ. ಹುಡುಗಿಯರು ಪ್ರಶ್ನಾವಳಿಯ ಹಾಳೆಯನ್ನು ತೆಗೆದುದನ್ನು ಸದ್ದಿನಿಂದಲೇ ತಿಳಿದುಕೊಂಡಳೆಂದು ತೋರುತ್ತದೆ.

"ಹೋದ ವರ್ಸಾನೂ ಯಾವ ಊರವರೋ ಬಂದು ಬರ್ಕಂಡು ಹೋದ್ರು ಕನವ್ವ. ನೀವೂ ಬರ್ಕಳಿ. ಬರ್ಕಂಡದ್ದ ಏನ್ ಮಾಡ್ತೀರಿ ಅನ್ನದ ಒಂದ ಹೇಳ್ಬುಡಿ" ಎಂದಳು.

ಮಾತಿನಲ್ಲಿ ಸಿಟ್ಟಿರಲಿಲ್ಲ. ತಿಳಿಯಬೇಕೆಂಬ ಆಸೆಯೇ ಇತ್ತು. ಹುಡುಗಿಯರಲ್ಲಿ ಒಬ್ಬಳು, ಮಂಡ್ಯದ ಕಡೆಯವಳು, ಹಾಳೆಯನ್ನು ಮಡಿಸಿ ಚೀಲಕ್ಕೆ ಸೇರಿಸಿ, ಮೊರದ ಇನ್ನೊಂದು ಮಗ್ಗುಲಿಗೆ ಕುಳಿತು ತಾನೂ ಕಲ್ಲು ಆರಿಸತೊಡಗಿದಳು. ಅರ್ಧ ಗಂಟೆಯಲ್ಲಿ ಪ್ರಶ್ನಾವಳಿಯಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಹೊರಬಂದುವು.

ಮಗನೂ ಸೊಸೆಯೂ ಕಾಫಿ ತೋಟಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ಮನೆಯಲ್ಲಿ ಇಬ್ಬರು ಮೊಮ್ಮಕ್ಕಳು, ಆರು ಆಡು. ಅಜ್ಜಿ ಬೆಳಗ್ಗೆ ಎದ್ದು ಒಲೆ ಹೊತ್ತಿಸಿ, ಮಕ್ಕಳಿಗೆ ಉಣಿಸಿ ಶಾಲೆಗೆ ಕಳುಹಿಸಿ, ಆಡನ್ನು ಹತ್ತಿರದ ಬೀಳಿನಲ್ಲಿ ಬಿಟ್ಟು, ಸಂಜೆ ಆನೆ ಇಳಿಯುವ ಹೊತ್ತಿಗೆ ಮುಂಚೆ ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳಬೇಕು. ನಾವು ತಯಾರಿಸಿದ್ದ ಹಾಳೆಯಲ್ಲಿ "ವೃದ್ಧರನ್ನು ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ?" ಎಂದು ಒಂದು ಪ್ರಶ್ನೆಯಿತ್ತು. ಅಲ್ಲಿ ವೃದ್ಧೆಯೇ ಉಳಿದೆಲ್ಲರನ್ನೂ ನೋಡಿಕೊಳ್ಳುತ್ತಿದ್ದಳು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇಕಡಾ 9.5, ದೇಶದಲ್ಲಿ ಒಟ್ಟು 10 ಕೋಟಿಗೂ ಮಿಗಿಲು. ಈ ಅಂಕಿಯನ್ನು ಹೇಳುವಾಗಲೆಲ್ಲ ನಾವು ಅವರನ್ನು 'ಅವಲಂಬಿತರು' ಎಂಬ ಪಂಕ್ತಿಯಲ್ಲಿ ಕೂರಿಸುತ್ತೇವೆ. ಆ ಮನೆಯಲ್ಲಿ ಅವಲಂಬನೆ ಯಾವ ದಿಕ್ಕಿಗೆ ಹರಿಯುತ್ತಿತ್ತೆಂಬುದನ್ನು ಲೆಕ್ಕ ಹಾಕಿದವರು ಯಾರು?

ಅಜ್ಜಿಗೆ ಎರಡು ಕಣ್ಣಿನಲ್ಲಿಯೂ ಪೊರೆ ಬಂದಿತ್ತು. ಬಲಗಣ್ಣು ಹೆಚ್ಚು. ಅಂಧತ್ವ ನಿಯಂತ್ರಣಕ್ಕೆಂದು ದೇಶದಲ್ಲಿ 1976ರಿಂದ ಕಾರ್ಯಕ್ರಮವಿದೆ. ಪೊರೆಯ ಶಸ್ತ್ರಚಿಕಿತ್ಸೆಯನ್ನು ಹಣವಿಲ್ಲದೆ ಮಾಡುತ್ತಾರೆ. ಊರಿನ ಸಮೀಪಕ್ಕೇ ಬಂದು ಕಣ್ಣು ಪರೀಕ್ಷಿಸಿ, ಬೇಕಾದವರನ್ನು ವಾಹನದಲ್ಲಿ ಕರೆದೊಯ್ದು, ಮತ್ತೆ ತಂದು ಬಿಡುವ ಏರ್ಪಾಡೂ ಉಂಟು. ಇದೆಲ್ಲ ಅಜ್ಜಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತು. ಆಶಾ ಕಾರ್ಯಕರ್ತೆ ಎರಡು ಸಾರಿ ಅವಳ ಹೆಸರು ಬರೆಸಿದ್ದಳು. ಎರಡು ಸಾರಿಯೂ ಅಜ್ಜಿ ಹೋಗಿರಲಿಲ್ಲ.

ಆ ರಾತ್ರಿ ಶಿಬಿರದ ಚರ್ಚೆಯಲ್ಲಿ ಹುಡುಗರು ನಾನಾ ಕಾರಣಗಳನ್ನು ಊಹಿಸಿದರು. ಅಜ್ಞಾನವೆಂದ ಒಬ್ಬ, ಶಸ್ತ್ರಚಿಕಿತ್ಸೆಯ ಭಯವೆಂದ ಇನ್ನೊಬ್ಬ, ವಿಧಿ ಎಂದು ನಂಬಿ ಕುಳಿತಿದ್ದಾಳೆಂದಳು ಮತ್ತೊಬ್ಬಳು. ಆರೋಗ್ಯದ ಅರಿವು ಮೂಡಿಸಲು ಒಂದು ಬೀದಿನಾಟಕ ಆಡೋಣವೆಂಬ ತೀರ್ಮಾನದ ಹತ್ತಿರಕ್ಕೂ ಬಂದರು. ಮಂಡ್ಯದ ಹುಡುಗಿ ಮಾತ್ರ, "ಅವರನ್ನೇ ಕೇಳಿದರಾಗದೆ ಮೇಡಂ?" ಎಂದಳು. ಮರುದಿನ ಹೋಗಿ ಕೇಳಿದಳು ಕೂಡ.

"ಕಣ್ಣು ಕಾಣ್ಬೇಕು ಅಂತ ನಂಗ ಆಸೆ ಇಲ್ವಾ ಕೂಸೆ? ಮೂರು ದಿನ ಹೋಗ್ಬುಟ್ರ ಈ ಮಕ್ಕಳ ಯಾರು ನೋಡ್ಕಂಡರು? ಆಡ ಯಾರು ಹೊಡ್ಕಂಡು ಹೋದರು?" ಎಂದು ಅಜ್ಜಿ ಹೇಳಿದಳಂತೆ.

ಒಂದು ದಿನ ಪರೀಕ್ಷೆ, ಒಂದು ದಿನ ಶಸ್ತ್ರಚಿಕಿತ್ಸೆ, ಮತ್ತೊಂದು ದಿನ ಪಟ್ಟಿ ಬಿಚ್ಚಿ ನೋಡಿ ಮನೆಗೆ ಕಳುಹಿಸುವುದು. ಒಟ್ಟು ಮೂರು ದಿನ. ಆಸ್ಪತ್ರೆಯಿತ್ತು, ವೈದ್ಯರಿದ್ದರು, ಮಸೂರವಿತ್ತು, ವಾಹನವಿತ್ತು, ಹಣದ ಖರ್ಚಿರಲಿಲ್ಲ. ಇಷ್ಟು ದೊಡ್ಡ ವ್ಯವಸ್ಥೆಯೆಲ್ಲ ಆ ಜಗಲಿಯವರೆಗೆ ಬಂದು ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತ್ತು. ಆ ಒಂದು ಗೇಣನ್ನು ದಾಟಿಸುವುದೇ ಸಮಾಜಕಾರ್ಯ. ಅದನ್ನು ಬೇರೆ ಯಾವ ಇಲಾಖೆಯ ಪಟ್ಟಿಯಲ್ಲಿಯೂ ಬರೆದಿಲ್ಲ.

ಹುಡುಗಿಯು ಉತ್ಸಾಹದಿಂದ, "ನಾನೇ ಮೂರು ದಿನ ಈ ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುತ್ತೇನೆ" ಎಂದಳು. ಎಳೆಯ ಮನಸ್ಸಿನ ಒಳ್ಳೆಯತನ ಅದು, ಮೆಚ್ಚಬೇಕಾದುದೇ. ಆದರೆ ಅಜ್ಜಿಯ ಎಡಗಣ್ಣಿನ ಸರದಿ ಬಂದಾಗ ಅವಳೆಲ್ಲಿರುತ್ತಾಳೆ? ಅದೇ ಸಾಲಿನ ಮೂರನೆಯ ಮನೆಯ ಮುದುಕನಿಗೆ ಯಾರಿರುತ್ತಾರೆ? ಊರಿನಲ್ಲಿ ಏನು ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಅವಳ ಮುಂದಿಟ್ಟು ಸುಮ್ಮನಾದೆ. ಒಂದು ದಿನ ಯೋಚಿಸಿ ಅವಳು ಊರಿನ ಮಹಿಳಾ ಸಂಘದ ಸಭೆಗೆ ಹೋಗಲು ಅನುಮತಿ ಕೇಳಿದಳು.

ಈ ಸಂಘಗಳ ವಿಷಯವಾಗಿ ಎರಡು ಮಾತು ಹೇಳಬೇಕು. ಹತ್ತಿಪ್ಪತ್ತು ಹೆಂಗಸರು ಸೇರಿ ವಾರ ವಾರ ಉಳಿತಾಯ ಮಾಡಿ, ತಮ್ಮಲ್ಲಿಯೇ ಸಾಲ ಕೊಟ್ಟು ತೆಗೆದುಕೊಳ್ಳುವ ಪದ್ಧತಿ ದೇಶಕ್ಕೆಲ್ಲ ಹರಡುವುದಕ್ಕೆ ಮೊದಲು ಅದನ್ನು ಬೆಳೆಸಿದವರಲ್ಲಿ ನಮ್ಮ ಕರ್ನಾಟಕದ ಮೈರಾಡ ಸಂಸ್ಥೆಯವರು ಮುಖ್ಯರು. 1968ರಲ್ಲಿ ಹುಟ್ಟಿದ ಆ ಸಂಸ್ಥೆ ಮೊದಲು ಕೈಹಾಕಿದ್ದು ಟಿಬೆಟಿನ ನಿರಾಶ್ರಿತರಿಗೆ ನೆಲೆ ಒದಗಿಸುವ ಕೆಲಸಕ್ಕೆ. ಇದೇ ಹನೂರಿನ ಬಳಿಯ ಒಡೆಯರಪಾಳ್ಯದಲ್ಲಿ ಅಂಥದೊಂದು ನೆಲೆ ಇಂದಿಗೂ ಇದೆ. 1980ರ ದಶಕದ ನಡುವಿನಲ್ಲಿ ಅವರು ಹಳ್ಳಿಗಳಲ್ಲಿ ಇಂಥ ಸಣ್ಣ ಗುಂಪುಗಳನ್ನು ಬೆಳೆಸತೊಡಗಿದರು. 1992ರಲ್ಲಿ ನಬಾರ್ಡ್ ಈ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕೆಲಸವನ್ನು 500 ಗುಂಪುಗಳಿಂದ ಆರಂಭಿಸಿತು. ಸಂಘವೆಂದರೆ ಸಾಲವೆಂದೇ ನಾವು ತಿಳಿದಿದ್ದೇವೆ. ಆದರೆ ವಾರಕ್ಕೊಮ್ಮೆ ಒಂದು ಚಾಪೆಯ ಮೇಲೆ ಕುಳಿತುಕೊಳ್ಳುವ ಹದಿನೈದು ಹೆಂಗಸರಿಗೆ ಊರಿನಲ್ಲಿ ಯಾರ ಒಲೆ ಹೊತ್ತಿಲ್ಲ ಎಂಬುದು ಯಾವ ಸಮೀಕ್ಷೆಗಿಂತಲೂ ಮೊದಲು ತಿಳಿಯುತ್ತದೆ.

ಸಂಘದ ಸಭೆಯಲ್ಲಿ ಹುಡುಗಿ ಭಾಷಣ ಮಾಡಲಿಲ್ಲ. ಅಜ್ಜಿಯ ಒಪ್ಪಿಗೆ ಪಡೆದು, ಅವಳನ್ನೂ ಕರೆದುಕೊಂಡು ಹೋಗಿ, ಅವಳಿಂದಲೇ ಹೇಳಿಸಿದಳು. ಕೇಳಿದ ಹೆಂಗಸರಿಗೆ ಆಶ್ಚರ್ಯ. "ಇಷ್ಟಕ್ಕಾ ನೀ ಹೋಗ್ನಿಲ್ದೆ ಇದ್ದದ್ದು? ಒಂದು ಮಾತ ಅನ್ಬಾರದಾ?" ಎಂದು ಪಕ್ಕದ ಮನೆಯವಳೇ ಗದರಿದಳು. ಅಜ್ಜಿ ಎಂದೂ ಯಾರನ್ನೂ ಏನನ್ನೂ ಕೇಳಿದವಳಲ್ಲ. ಕೇಳಿದರೆ ಮಗ ಬಿಟ್ಟುಹೋಗಿದ್ದಾನೆಂದು ಜನ ಆಡಿಕೊಳ್ಳುತ್ತಾರೆಂಬ ಅಳುಕು. ಮಗನ ಮರ್ಯಾದೆಯನ್ನು ಕಾಯುವುದಕ್ಕಾಗಿ ತನ್ನ ಕಣ್ಣನ್ನು ಬಿಟ್ಟುಕೊಟ್ಟಿದ್ದಳು.

ಮಕ್ಕಳು ಒಂದು ಮನೆಗೆ, ಆಡು ಇನ್ನೊಂದು ಮನೆಗೆ, ಜೊತೆಗೆ ಹೋಗಲು ಮೂರನೆಯ ಮನೆಯ ಹೆಂಗಸು ಎಂದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಆದರೆ ಆಶಾ ಕಾರ್ಯಕರ್ತೆ ಇನ್ನೊಂದು ತೊಡಕನ್ನು ನೆನಪಿಸಿದಳು. ಕಣ್ಣಿಗೆ ಮೂರು ದಿನ ಸಾಲದು. ಹಿಂದಿರುಗಿದ ಮೇಲೆ ಹಲವು ವಾರ ಹೊತ್ತು ಹೊತ್ತಿಗೆ ಔಷಧದ ಹನಿ ಹಾಕಬೇಕು, ಒಲೆಯ ಹೊಗೆ ತಗಲಬಾರದು, ಭಾರ ಎತ್ತಬಾರದು, ಕಣ್ಣಿಗೆ ನೀರು ಬೀಳಬಾರದು. ನೀರಿನ ಬಿಂದಿಗೆ ಯಾರು ಹೊರುವುದು, ಸೌದೆ ಯಾರು ತರುವುದು? ಸಭೆ ಮತ್ತೆ ಮೌನವಾಯಿತು. ಕಡೆಗೆ ಒಂದು ತಿಂಗಳ ಸರದಿಯನ್ನು ಹಾಕಿ ಸಂಘದ ಪುಸ್ತಕದಲ್ಲಿ ಸಾಲದ ಲೆಕ್ಕದ ಪಕ್ಕದಲ್ಲಿಯೇ ಬರೆದುಕೊಂಡರು. ಅಂಗನವಾಡಿ ಕಾರ್ಯಕರ್ತೆ ಹನಿ ಹಾಕುವ ಹೊಣೆ ಹೊತ್ತಳು. ಕಾಫಿ ತೋಟದಲ್ಲಿದ್ದ ಮಗನಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದುದು ಅಜ್ಜಿಯೇ; ಅದನ್ನು ಬೇರೆ ಯಾರೂ ಮಾಡಕೂಡದೆಂದು ಹುಡುಗಿ ಹಟ ಹಿಡಿದಿದ್ದಳು.

ಶಿಬಿರ ಮುಗಿಯಿತು. ಅಜ್ಜಿಯ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾದುದು ನಾವು ಹಿಂದಿರುಗಿದ ಐದು ವಾರಗಳ ಮೇಲೆ. ಹುಡುಗಿ ಅದನ್ನು ನೋಡಲಿಲ್ಲ. ಅವಳು ತನ್ನ ವರದಿಯಲ್ಲಿ ಈ ಒಂದು ಮನೆಯ ವಿಷಯವನ್ನೇ ವಿಸ್ತಾರವಾಗಿ ಬರೆದಿದ್ದಳು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ತಿರುವಿ, "ಹತ್ತು ದಿನದಲ್ಲಿ ಒಂದೇ ಮನೆಯೇ? ಉಳಿದವರು ನೂರಿಪ್ಪತ್ತು ಮನೆ ಸಮೀಕ್ಷೆ ಮಾಡಿದ್ದಾರಲ್ಲ?" ಎಂದರು. ನೂರಿಪ್ಪತ್ತು ಮನೆಯ ಕೋಷ್ಟಕ ಮಾಡಿದ್ದವನಿಗೆ ಅವಳಿಗಿಂತ ಹೆಚ್ಚು ಅಂಕ ಬಂದಿತು. ಕೋಷ್ಟಕ ಬೇಡವೆಂದು ನಾನು ಹೇಳುವುದಿಲ್ಲ. ಊರಿನಲ್ಲಿ ಪೊರೆ ಬಂದವರೆಷ್ಟು ಮಂದಿ ಎಂಬುದು ಅದರಿಂದಲೇ ತಿಳಿದುದು. ಆದರೆ ಅವರೇಕೆ ಹೋಗಲಿಲ್ಲವೆಂಬುದು ಕೋಷ್ಟಕದಲ್ಲಿ ಇರಲಿಲ್ಲ. ನಮ್ಮ ಶಿಕ್ಷಣ ಮೊದಲನೆಯದಕ್ಕೆ ಅಂಕ ಕೊಡುವ ಕ್ರಮವನ್ನು ಕಂಡುಕೊಂಡಿದೆ. ಎರಡನೆಯದಕ್ಕೆ ಇನ್ನೂ ಕಂಡುಕೊಳ್ಳಬೇಕಾಗಿದೆ.

ಮರುವರ್ಷ ಎಲ್ಲಿಗೆ ಹೋಗುವುದೆಂಬ ಚರ್ಚೆ ನಡೆದಾಗ, ಹೊಸ ಊರನ್ನು ನೋಡೋಣವೆಂಬ ಅಭಿಪ್ರಾಯವೇ ಬಲವಾಗಿತ್ತು. ಹೊಸ ಊರಾದರೆ ಹೊಸ ಅನುಭವ, ಹೊಸ ವರದಿ. ನಾನು ಅದೇ ಊರಿಗೆ ಎಂದು ಪಟ್ಟು ಹಿಡಿದೆ. ಇದಕ್ಕೆ ನನಗೆ ಧೈರ್ಯ ಕೊಟ್ಟುದು ಅದೇ ಸೀಮೆಯ ಇನ್ನೊಂದು ಮಗ್ಗುಲಿನ ಉದಾಹರಣೆ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ್ದು ವೈದ್ಯರಾಗಿ. ಸೋಲಿಗರ ನಡುವೆ ಇದ್ದಂತೆಲ್ಲ, ಕಾಯಿಲೆಯ ಹಿಂದೆ ಹಸಿವು, ಹಸಿವಿನ ಹಿಂದೆ ನೆಲವಿಲ್ಲದಿರುವುದು ಎಂದು ಒಂದರ ಹಿಂದೊಂದು ಎಳೆ ಬಿಚ್ಚಿಕೊಂಡು, ಔಷಧಾಲಯದ ಪಕ್ಕದಲ್ಲಿ ಶಾಲೆಯೂ ಕಸುಬಿನ ಕಲಿಕೆಯೂ ಬೆಳೆದುವು. 1994ರಲ್ಲಿ ಆ ಕೆಲಸಕ್ಕೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಿತು. ಅವರೇ 1986ರಲ್ಲಿ ಸ್ಥಾಪಿಸಿದ ಕರುಣಾ ಟ್ರಸ್ಟ್ ಯಳಂದೂರಿನ ಕುಷ್ಠರೋಗಿಗಳ ಸೇವೆಯಿಂದ ಮೊದಲಾಗಿ, 1996ರಲ್ಲಿ ಗುಂಬಳ್ಳಿಯ ಸರಕಾರೀ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸುವ ಹೊಣೆ ಹೊತ್ತಿತು. ಕಟ್ಟಡ ಸರಕಾರದ್ದು, ಆಡಳಿತ ಟ್ರಸ್ಟಿನದು. ಸಹಭಾಗಿತ್ವ ಎಂಬ ಮಾತನ್ನು ನಾವು ತರಗತಿಯಲ್ಲಿ ಬಿಡಿಸಿ ಬಿಡಿಸಿ ಹೇಳುವುದುಂಟು. ಅದು ಮೂವತ್ತು ವರ್ಷ ಹಿಂದೆಯೇ ನೆರೆಯ ತಾಲ್ಲೂಕಿನಲ್ಲಿ ಕಣ್ಣಿಗೆ ಕಾಣುವಂತಿತ್ತು. ಅಲ್ಲಿಂದ ಕಲಿಯಬೇಕಾದ ಪಾಠವೂ ಸರಳವಾದುದೇ: ಬಿಟ್ಟು ಹೋಗದೆ ಇರುವುದು. ಕಾಲೇಜಿಗೆ ಊರಿನಲ್ಲಿ ಇರಲು ಸಾಧ್ಯವಿಲ್ಲ, ನಿಜ; ಆದರೆ ಮತ್ತೆ ಮತ್ತೆ ಬರಲು ಸಾಧ್ಯ.

ಎರಡನೆಯ ವರ್ಷ ನಾವು ಹೋದಾಗ ಸಂಘದ ಹೆಂಗಸರು ನಮಗೊಂದು ಕೆಲಸವನ್ನು ಸಿದ್ಧವಾಗಿಟ್ಟುಕೊಂಡಿದ್ದರು. ನಾಲ್ವರು ಮುದುಕರಿಗೆ ವೃದ್ಧಾಪ್ಯ ವೇತನ ನಿಂತುಹೋಗಿತ್ತು. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ಹಣ ಪಟ್ಟಣದವರಿಗೆ ಅಲ್ಪವೆಂದು ತೋರಬಹುದು. ಕಾಡಂಚಿನ ಒಂಟಿ ಜೀವಕ್ಕೆ ಅದೇ ಅಕ್ಕಿಯ ಹೊರತಾದ ಎಲ್ಲಕ್ಕೂ ಆಧಾರ: ಎಣ್ಣೆ, ಸೋಪು, ಎಲೆಯಡಕೆ, ಮೊಮ್ಮಗುವಿನ ಪೆನ್ಸಿಲು. ಹಣ ನಿಂತುದಕ್ಕೆ ಒಬ್ಬೊಬ್ಬರದು ಒಂದೊಂದು ಕಾರಣ. ಒಬ್ಬರ ಹೆಸರು ಒಂದು ಕಾಗದದಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಬೇರೆ ರೀತಿ ಬರೆದಿತ್ತು. ಇನ್ನೊಬ್ಬರ ಬೆರಳಿನ ಗೆರೆಗಳು ಅರವತ್ತು ವರ್ಷದ ಗೇಯ್ಮೆಯಲ್ಲಿ ಸವೆದುಹೋಗಿ ಯಂತ್ರಕ್ಕೆ ಗುರುತು ಸಿಕ್ಕುತ್ತಿರಲಿಲ್ಲ. ದುಡಿದದ್ದಕ್ಕೆ ಸಾಕ್ಷಿಯಾದ ಕೈಯೇ ಅವರು ಅವರಲ್ಲವೆಂದು ಹೇಳುತ್ತಿತ್ತು.

ನಮ್ಮ ಹುಡುಗರು ಕಚೇರಿಗೆ ಅಲೆಯಲು ಸಿದ್ಧರಾದರು. ನಾನು ಒಂದೇ ನಿಬಂಧನೆ ಹಾಕಿದೆ: ಪ್ರತಿ ಸಾರಿಯೂ ಸಂಘದ ಒಬ್ಬಳು ಜೊತೆಗೆ ಹೋಗತಕ್ಕದ್ದು, ಮೇಜಿನ ಮುಂದೆ ಮಾತಾಡುವವಳು ಅವಳೇ ಆಗತಕ್ಕದ್ದು. ಇದರಿಂದ ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯಿತು. ಮೊದಲ ದಿನ ಆಕೆ ಬಾಗಿಲಿನ ಹೊರಗೇ ನಿಂತಳು. ಎರಡನೆಯ ದಿನ ಒಳಗೆ ಹೋಗಿ ನಿಂತಳು. ಮೂರನೆಯ ದಿನ ಯಾವ ಅರ್ಜಿ ಯಾವ ಮೇಜಿಗೆ ಎಂದು ಅವಳೇ ಇನ್ನೊಬ್ಬರಿಗೆ ತೋರಿಸಿದಳು. ಅದರ ಮುಂದಿನ ವರ್ಷ ನಾವು ಬರುವ ಮುಂಚೆಯೇ ಅವಳು ಇನ್ನೂ ಏಳು ಮಂದಿಯ ವೇತನವನ್ನು ಸರಿಪಡಿಸಿಕೊಂಡು ಬಂದಿದ್ದಳು. ಅವಳ ಓದು ಐದನೆಯ ತರಗತಿ. ನಮ್ಮ ಕಾಲೇಜಿನಿಂದ ಹೊರಬಿದ್ದ ಒಳ್ಳೆಯ ಸಮಾಜಕಾರ್ಯಕರ್ತರನ್ನು ಎಣಿಸುವಾಗ ನಾನು ಅವಳನ್ನೂ ಸೇರಿಸಿಕೊಳ್ಳುತ್ತೇನೆ.

ಎಲ್ಲವೂ ಹೀಗೆ ಸುಖವಾಗಿ ಮುಗಿಯಿತೆಂದು ಓದುಗರು ತಿಳಿಯಬಾರದು. ಒಬ್ಬ ಮುದುಕಪ್ಪ ಇದ್ದ. ಇದ್ದ ಒಂದೂವರೆ ಎಕರೆಯನ್ನು ಮಗನ ಹೆಸರಿಗೆ ಬರೆದುಕೊಟ್ಟಿದ್ದ; ಮಗ ಬೇರೆ ಮನೆ ಮಾಡಿ, ಊಟಕ್ಕೆ ಕೊಡುವುದನ್ನು ನಿಲ್ಲಿಸಿದ್ದ. ತಂದೆತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯಿದೆಯನ್ನು ನಮ್ಮ ಹುಡುಗರು ಬಾಯಿಪಾಠ ಮಾಡಿಕೊಂಡಿದ್ದರು: ಉಪವಿಭಾಗಾಧಿಕಾರಿಯ ಮಟ್ಟದಲ್ಲಿ ನ್ಯಾಯಮಂಡಳಿ, ತಾನೇ ಅರ್ಜಿ ಕೊಡಬಹುದು, ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಎಲ್ಲವನ್ನೂ ಕೇಳಿ ಮುದುಕಪ್ಪ, "ಕೋರ್ಟ್ಗೆ ಎಳದ ಮಗ ನನ್ನ ಹೆಣ ಹೊತ್ತಾನಾ?" ಎಂದ. ಅರ್ಜಿ ಹಾಕಲಿಲ್ಲ. ಹಾಕಿಸಲು ನಮಗೆ ಹಕ್ಕಿರಲಿಲ್ಲ. ಹುಡುಗರಲ್ಲಿ ಒಬ್ಬ ಮಗನ ಮನೆಗೆ ಎರಡು ಸಾರಿ ಹೋಗಿ ಬಂದ. ಮಗನೂ ದುಷ್ಟನಲ್ಲ, ಎರಡು ವರ್ಷ ಮಳೆ ಕೈಕೊಟ್ಟು, ಸಾಲಗಾರರಿಗೆ ಮುಖ ತೋರಿಸಲಾರದೆ ತಂದೆಗೂ ಮುಖ ತೋರಿಸದಾಗಿದ್ದ. ಊರ ಹಿರಿಯರ ಮುಂದೆ ಮಾತು ನಡೆದು, ತಿಂಗಳಿಗಿಷ್ಟು ರಾಗಿ ಕೊಡುವುದೆಂದಾಯಿತು. ಕೆಲವು ತಿಂಗಳು ಕೊಟ್ಟ, ಕೆಲವು ತಿಂಗಳು ಕೊಡಲಿಲ್ಲ. ಮುಂದಿನ ಶಿಬಿರಕ್ಕೆ ನಾವು ಹೋಗುವಷ್ಟರಲ್ಲಿ ಮುದುಕಪ್ಪ ತೀರಿಕೊಂಡಿದ್ದ. ಮಗನೇ ಹೊತ್ತನಂತೆ.

ಆ ಸುದ್ದಿ ಕೇಳಿದ ಹುಡುಗ ಆ ದಿನ ಬರೆಯಬೇಕಾದುದನ್ನು ಬರೆಯಲಿಲ್ಲ. ನಾನೂ ಕೇಳಲಿಲ್ಲ. ಕಾಯಿದೆ ಬೇಕು; ಅದಿಲ್ಲದಿದ್ದರೆ ಕೈಲಾಗದವರಿಗೆ ಆಸರೆಯೇ ಇಲ್ಲ. 2021ರಿಂದ ದೇಶಕ್ಕೆಲ್ಲ ಒಂದೇ ಆಗಿರುವ ಹಿರಿಯರ ಸಹಾಯವಾಣಿ 14567 ಕೂಡ ಬೇಕು. ಆದರೆ ದೂರು ಕೊಡುವುದಕ್ಕೂ ಸುಮ್ಮನಿರುವುದಕ್ಕೂ ನಡುವೆ ಒಂದು ದೊಡ್ಡ ಬಯಲಿದೆ. ನಮ್ಮ ಹಿರಿಯರಲ್ಲಿ ಹೆಚ್ಚಿನವರು ಬದುಕುವುದು ಆ ಬಯಲಿನಲ್ಲಿ. ಅಲ್ಲಿ ಓಡಾಡಲು ಕಲಿತವರನ್ನು ಸಿದ್ಧಪಡಿಸುವುದೇ ಈ ವಿದ್ಯೆಯ ಗುರಿ ಎಂದು ನನ್ನ ನಂಬಿಕೆ.

ಇಷ್ಟು ವರ್ಷಗಳಿಂದ ಕಂಡುಕೊಂಡದ್ದನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಒಂದು ಕಾಲೇಜು ಒಂದು ಊರನ್ನು ಹಿಡಿದರೆ ಐದಾರು ವರ್ಷವಾದರೂ ಬಿಡಬಾರದು. ಹೋಗುವ ತಂಡ ಬರುವ ತಂಡಕ್ಕೆ ಒಂದು ಪುಸ್ತಕವನ್ನು ಒಪ್ಪಿಸಬೇಕು. ಅದರ ಒಂದು ಪ್ರತಿ ಊರಿನಲ್ಲಿಯೇ ಇರಬೇಕು, ಬರೆದುಕೊಂಡದ್ದು ಏನಾಯಿತೆಂದು ಕೇಳುವವರಿಗೆ ತೋರಿಸುವಂತೆ. ಮನೆಯ ಗುಟ್ಟುಗಳು ಮಾತ್ರ ಅದರಲ್ಲಿ ಇರಕೂಡದು. ಗಡಿಯ ಊರಿಗೆ ಹೋಗುವವರು ಅಲ್ಲಿಯ ಎರಡನೆಯ ಭಾಷೆಯಲ್ಲಿ "ಊಟವಾಯಿತೆ, ನೋವೆಲ್ಲಿ, ಯಾರಿಗೆ ಹೇಳಿಕಳುಹಿಸಲಿ" ಎಂಬಷ್ಟನ್ನಾದರೂ ಕಲಿತಿರಬೇಕು. ಕಡೆಯದಾಗಿ, ವಿದ್ಯಾರ್ಥಿಯ ಕೆಲಸಕ್ಕೆ ಅಂಕ ಕೊಡುವಾಗ ಊರಿನ ಸಂಘದವರನ್ನೂ ಒಂದು ಮಾತು ಕೇಳಬೇಕು.

ಪಟ್ಟಣದಲ್ಲಿ ಕುಳಿತು ಇದನ್ನು ಓದುವ ಗೃಹಿಣಿಯರು, ಇದೆಲ್ಲ ದೂರದ ಕಾಡಿನ ಕಥೆಯೆಂದು ಪುಟ ತಿರುವುವ ಮುನ್ನ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಬೀದಿಯಲ್ಲಿ ನನಗೆ ಪರಿಚಯದ ಒಬ್ಬ ಹೆಣ್ಣುಮಗಳಿದ್ದಾಳೆ. ಹಾಸಿಗೆ ಹಿಡಿದ ಅತ್ತೆಯನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದಾಳೆ. ಈ ನಾಲ್ಕು ವರ್ಷದಲ್ಲಿ ಅವಳು ತವರಿನಲ್ಲಿ ಒಂದು ರಾತ್ರಿ ತಂಗಿಲ್ಲ. ಅವಳ ಸ್ವಂತ ತಾಯಿಗೂ ಎಪ್ಪತ್ತೆಂಟು. ಹಣದ ಕೊರತೆ ಆ ಮನೆಯಲ್ಲಿಲ್ಲ. ಏನು ಬೇಕಮ್ಮ ಎಂದು ಕೇಳಿದಾಗ, "ಮೂರು ದಿನ ಆಂಟಿ, ಬರೀ ಮೂರು ದಿನ" ಎಂದಳು. ಆ ಮಾತನ್ನು ನಾನು ಹಿಂದೆ ಎಲ್ಲಿ ಕೇಳಿದ್ದೆನೆಂಬುದು ಅವಳಿಗೆ ತಿಳಿಯದು.

ಆ ಬೀದಿಯಲ್ಲಿ ನಲವತ್ತು ಮನೆಗಳಿವೆ. ಪ್ರತಿ ಶುಕ್ರವಾರ ಹತ್ತು ಹೆಂಗಸರು ಸೇರಿ ಭಜನೆ ಮಾಡುವ ಪದ್ಧತಿಯೂ ಇದೆ. ಕಳೆದ ತಿಂಗಳು ಭಜನೆಯಾದ ಮೇಲೆ ನಾವು ಒಂದು ಪಟ್ಟಿ ಮಾಡಿದೆವು: ಯಾರು ಬೆಳಗಿನ ಹೊತ್ತು, ಯಾರು ರಾತ್ರಿ, ಯಾರಿಗೆ ರೋಗಿಯನ್ನು ಮಗ್ಗುಲು ತಿರುಗಿಸಿ ಮಲಗಿಸಲು ಬರುತ್ತದೆ, ಯಾರು ಕಲಿಯಬೇಕು. ಕಲಿಸಲು ಹತ್ತಿರದ ಕಾಲೇಜಿನ ಇಬ್ಬರು ವಿದ್ಯಾರ್ಥಿನಿಯರು ಬರುತ್ತಿದ್ದಾರೆ. ಅದು ಅವರ ಕ್ಷೇತ್ರಕಾರ್ಯದ ಲೆಕ್ಕಕ್ಕೆ ಸೇರುತ್ತದೆ. ಬರುವ ಗೌರೀಹಬ್ಬಕ್ಕೆ ಆ ಹೆಣ್ಣುಮಗಳು ತವರಿಗೆ ಹೋಗಬೇಕೆಂಬುದು ನಮ್ಮ ಸಂಕಲ್ಪ. ಪಟ್ಟಿಯಲ್ಲಿ ಎರಡನೆಯ ರಾತ್ರಿಯ ಸರದಿಗೆ ಮಾತ್ರ ಇನ್ನೂ ಯಾರ ಹೆಸರೂ ಬಂದಿಲ್ಲ. ಹಬ್ಬಕ್ಕೆ ಇನ್ನೂ ಆರು ವಾರವಿದೆ. ನಾನು ಮನೆಮನೆಗೆ ಹೋಗಿ ಕೇಳುತ್ತಿದ್ದೇನೆ.